ಮೊಳಕೆಯ ಬೆಲೆ

ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿಯೇ ಕಾಣಬೇಕೆಂಬ ನಾಣ್ಣುಡಿ ನಮ್ಮ ನಾಡಿನಲ್ಲಿ ಹಿಂದಿನಿಂದಲೂ ಬಂದಿದೆ. ಮೊಳಕೆಯನ್ನು ಕಂಡು ಹಿಗ್ಗುವುದು ರೈತನ ಸ್ವಭಾವ. ಅದು ಕಾಳು ಕಟ್ಟುವ ಮೊದಲೇ ಅದಕ್ಕೆ ಬೆಲೆ ಕಟ್ಟುವುದು ಸಟ್ಟಾ ವ್ಯಾಪಾರಿಯ ಸ್ವಭಾವ. ಈ ಎರಡು ಸ್ವಭಾವಗಳೂ ಒಂದೇ ಮನೆಯಲ್ಲಿ, ಒಂದೇ ಮಗುವಿನ ಕೈಯಲ್ಲಿ ಕೂಡಿಕೊಂಡರೆ ಏನಾಗುತ್ತದೆಂಬುದನ್ನು ಕಾಣುವ ಅವಕಾಶ ನಮಗೆ ದೂರದ ಅಮೆರಿಕಾ ದೇಶದಲ್ಲಿ ಒದಗಿತು. 2025ರ ಬೇಸಿಗೆಯಲ್ಲಿ ನಾವು ದಂಪತಿಗಳು ನ್ಯೂಜೆರ್ಸಿಯಲ್ಲಿರುವ ಮಗನ ಮನೆಯಲ್ಲಿ ಐದು ತಿಂಗಳು ಇದ್ದೆವು. ಹನ್ನೆರಡು ವರ್ಷದ ಮೊಮ್ಮಗನು ಬೇಸ್‌ಬಾಲ್ ಆಟಗಾರರ ಚಿತ್ರಪಟಗಳನ್ನು ಸಂಗ್ರಹಿಸುತ್ತಾನೆ. ಅದರಲ್ಲಿಯೂ ಇನ್ನೂ ಹೆಸರು ಮಾಡದಿರುವ, ಮುಂದೆ ಮಾಡಬಹುದೆಂದು ಜನ ನಂಬಿರುವ ಎಳೆಯ ಆಟಗಾರರ ಪಟಗಳೇ ಅವನಿಗೆ ಅಚ್ಚುಮೆಚ್ಚು.

ಅಂಗೈಯಗಲದ ಈ ದಪ್ಪ ಕಾಗದಕ್ಕೆ ಅಲ್ಲಿ ಕಾರ್ಡ್ ಎಂದೇ ಹೆಸರು. ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದ. ಮುಂದೆ ಆಟಗಾರನ ಭಾವಚಿತ್ರ, ಹಿಂದೆ ಅವನ ಹುಟ್ಟೂರು, ಎತ್ತರ, ತೂಕ, ಆಟದ ಅಂಕಿಅಂಶ. ಒಂದು ಕಾಲದಲ್ಲಿ ಇವು ಸಿಗರೇಟಿನ ಪೊಟ್ಟಣದಲ್ಲಿ ಬರುತ್ತಿದ್ದವು. 1909ರಿಂದ 1911ರವರೆಗೆ ಹಾಗೆ ಬಂದ ಪಟಗಳಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನದು ಬಲು ವಿರಳವಾದುದರಿಂದ, 2022ರಲ್ಲಿ ಅದರ ಒಂದು ಪ್ರತಿ 72 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಯಿತು. ಆಮೇಲೆ ತಂಬಾಕಿನ ಸ್ಥಾನಕ್ಕೆ ಮಕ್ಕಳು ಅಗಿಯುವ ಗಮ್ ಬಂದಿತು. ಟಾಪ್ಸ್ ಎಂಬ ಕಂಪನಿಯು 1952ರಲ್ಲಿ ಹೊರತಂದ ಪಟಗಳಲ್ಲಿ ಮಾರಾಟವಾಗದೆ ಉಳಿದವನ್ನು 1960ರ ಸುಮಾರಿಗೆ ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದೆವೆಂದು ಆ ಕಂಪನಿಯ ಸೈ ಬರ್ಗರ್ ಅವರೇ ಹೇಳುತ್ತಿದ್ದರಂತೆ. ಅದೇ 1952ರ ಮಾಲೆಯ ಮಿಕ್ಕಿ ಮ್ಯಾಂಟಲ್ ಪಟವೊಂದು 2022ರ ಆಗಸ್ಟ್ ತಿಂಗಳಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಒಂದು ಕಾಲಕ್ಕೆ ಕಸವಾದುದು ಇನ್ನೊಂದು ಕಾಲಕ್ಕೆ ನಿಧಿಯಾಗುವ ಬಗೆ ಇದು.

ನಮ್ಮ ಬಾಲ್ಯದಲ್ಲಿ ನಾವು ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಸಿಡುತ್ತಿದ್ದೆವು. ನಮ್ಮ ಮಗನು ಚಿಕ್ಕವನಿದ್ದಾಗ ಬಬಲ್‌ಗಮ್ ಜೊತೆಗೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳನ್ನು ಜೋಪಾನ ಮಾಡುತ್ತಿದ್ದನು. ಆ ಚಿತ್ರಗಳಲ್ಲಿದ್ದವರೆಲ್ಲ ಆಗಲೇ ದೊಡ್ಡವರಾದವರು. ಮೊಮ್ಮಗನ ಸಂಗ್ರಹದ ವಿಶೇಷವೆಂದರೆ, ಅದರಲ್ಲಿರುವವರು ಇನ್ನೂ ಏನೂ ಆಗಿಲ್ಲದವರು.

ಇದಕ್ಕೆ ಕಾರಣ ಆ ದೇಶದ ಆಟದ ವ್ಯವಸ್ಥೆಯಲ್ಲಿದೆ. ಹದಿನೇಳು ಹದಿನೆಂಟರ ಶಾಲೆಯ ಹುಡುಗರನ್ನೂ ಕಾಲೇಜಿನ ಯುವಕರನ್ನೂ ದೊಡ್ಡ ತಂಡಗಳು ವರ್ಷಕ್ಕೊಮ್ಮೆ ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಆರಿಸಲ್ಪಟ್ಟವನು ಸಾಮಾನ್ಯವಾಗಿ ನೇರವಾಗಿ ದೊಡ್ಡ ಅಂಗಳಕ್ಕೆ ಇಳಿಯುವುದಿಲ್ಲ. ಮೈನರ್ ಲೀಗ್ ಎಂಬ ಕೆಳಗಿನ ಮೆಟ್ಟಿಲುಗಳನ್ನು ಒಂದೊಂದಾಗಿ ಏರಬೇಕು. ಸಣ್ಣ ಊರುಗಳಲ್ಲಿ ಆಡುತ್ತ, ರಾತ್ರಿಯೆಲ್ಲ ಬಸ್ಸಿನಲ್ಲಿ ಪ್ರಯಾಣ ಮಾಡುತ್ತ ಅವರು ವರ್ಷಗಳನ್ನು ಕಳೆಯುತ್ತಾರೆ. ಬಹುಪಾಲು ಹುಡುಗರು ಮೇಲಿನ ಮೆಟ್ಟಿಲನ್ನು ಮುಟ್ಟುವುದೇ ಇಲ್ಲ. ಹೀಗೆ ಕಾಯುತ್ತಿರುವವರ ಪಟಗಳಿಗಾಗಿಯೇ ಹೆಸರಾದುದು ಬೌಮನ್ ಮಾಲೆ. ಹಳೆಯ ಬೌಮನ್ ಕಂಪನಿಯನ್ನು ಟಾಪ್ಸ್ 1956ರಲ್ಲಿ ಕೊಂಡುಕೊಂಡು, ಆ ಹೆಸರನ್ನು 1989ರಲ್ಲಿ ಮತ್ತೆ ಬಳಕೆಗೆ ತಂದಿತು. ಹುಡುಗನು ಸಹಿ ಮಾಡಿದ ಹೊಳೆಯುವ ಪಟದ ಅಂಚಿನ ಬಣ್ಣದಿಂದ ಅದರ ವಿರಳತೆ ತಿಳಿಯುತ್ತದೆ. ಚಿನ್ನದ ಬಣ್ಣದ್ದು 50, ಕಿತ್ತಳೆಯದು 25, ಕೆಂಪಿನದು 5 ಪ್ರತಿ ಮಾತ್ರ. ಎಲ್ಲಕ್ಕೂ ಮೇಲಿನದು ಒಂದೇ ಒಂದು.

ಆ ಒಂದೇ ಒಂದರ ಮಹಿಮೆಯನ್ನು ಮೊಮ್ಮಗನು ನಮಗೆ ಕಥೆಯಂತೆ ಹೇಳಿದನು. ಅದೇ ನ್ಯೂಜೆರ್ಸಿಯ ಮಿಲ್‌ವಿಲ್ ಎಂಬ ಊರಿನ ಮೈಕ್ ಟ್ರೌಟ್ ಎಂಬ ಹುಡುಗನು 2009ರ ಆಯ್ಕೆಯಲ್ಲಿ 25ನೆಯವನಾಗಿ ಬಂದನು. ಅವನಿಗಿಂತ ಮೊದಲು 24 ಜನರನ್ನು ಬಲ್ಲವರು ಆರಿಸಿದ್ದರು. ಮುಂದೆ ಅವನು 2014, 2016 ಮತ್ತು 2019ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನೆನಿಸಿದನು. ಅವನ 2009ರ ಆ ಏಕೈಕ ಪಟವನ್ನು ಒಬ್ಬರು 2018ರಲ್ಲಿ ಸುಮಾರು 4 ಲಕ್ಷ ಡಾಲರಿಗೆ ಕೊಂಡರು. 2020ರಲ್ಲಿ ಅದು 39 ಲಕ್ಷ 36 ಸಾವಿರ ಡಾಲರಿಗೆ ಮಾರಾಟವಾಯಿತು.

ಇಂತಹ ಕಥೆಗಳನ್ನು ಕೇಳಿದ ಮಕ್ಕಳಿಗೆ ಪೊಟ್ಟಣ ಒಡೆಯುವುದೆಂದರೆ ಲಾಟರಿ ಚೀಟಿ ಕೊಂಡಂತೆಯೇ ಆಗುವುದು ಸಹಜ. 2024ರ ಕ್ರಿಸ್‌ಮಸ್ ಸಮಯದಲ್ಲಿ ಲಾಸ್ ಏಂಜಲಿಸ್ ಕಡೆಯ ಹನ್ನೊಂದು ವರ್ಷದ ಬಾಲಕನೊಬ್ಬನಿಗೆ ಪಾಲ್ ಸ್ಕೀನ್ಸ್ ಎಂಬ ಹೊಸ ಚೆಂಡೆಸೆತಗಾರನ ಏಕೈಕ ಪಟ ಸಿಕ್ಕಿತು. ಅದನ್ನು ತಮಗೆ ಕೊಟ್ಟರೆ 30 ವರ್ಷಗಳ ಕಾಲ ಆಟ ನೋಡುವ ಟಿಕೆಟ್ಟುಗಳನ್ನು ಕೊಡುವುದಾಗಿ ಪಿಟ್ಸ್‌ಬರ್ಗ್ ತಂಡದವರು ಮುಂದೆ ಬಂದರು. ಮನೆಯವರು ಅದನ್ನು ಹರಾಜಿಗಿಟ್ಟಾಗ 2025ರ ಮಾರ್ಚ್ ತಿಂಗಳಲ್ಲಿ 11 ಲಕ್ಷ ಡಾಲರಿಗೂ ಹೆಚ್ಚು ಬಂದಿತು. ನಮ್ಮ ಮೊಮ್ಮಗನು ಈ ಸುದ್ದಿಯನ್ನು ಕಣ್ಣರಳಿಸಿ ಹೇಳಿದಾಗ, ಅವನ ತಾಯಿ, “ಲಕ್ಷ ಮಕ್ಕಳು ಪೊಟ್ಟಣ ಒಡೆದಿರುತ್ತಾರೆ, ಸುದ್ದಿಯಾದವನು ಒಬ್ಬನೇ ಕಣೋ” ಎಂದಳು. ತಿಂಗಳಿಗೆ ಇಷ್ಟೇ ಡಾಲರ್ ಎಂದು ಆಕೆ ಹಾಕಿದ್ದ ಗೆರೆಯನ್ನು ಅವನು ನಾವಿದ್ದ ಅಷ್ಟೂ ದಿನ ದಾಟಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಹಿರಿಯರೂ ಈ ಮೋಹಕ್ಕೆ ಹೊರತಲ್ಲ. 1980ರ ದಶಕದ ಕೊನೆಯಲ್ಲಿಯೂ 1990ರ ದಶಕದ ಮೊದಲಲ್ಲಿಯೂ ಮಕ್ಕಳ ಕಾಲೇಜು ಶುಲ್ಕಕ್ಕಾದೀತೆಂದು ಪೆಟ್ಟಿಗೆಗಟ್ಟಲೆ ಪಟಗಳನ್ನು ತೆಗೆದಿರಿಸಿದವರು ಅಲ್ಲಿ ಉಂಟು. ಕಂಪನಿಗಳು ಮಿತಿಮೀರಿ ಅಚ್ಚು ಹಾಕಿದ್ದರಿಂದ ಅವುಗಳಲ್ಲಿ ಹೆಚ್ಚಿನವಕ್ಕೆ ಇಂದು ಬೆಲೆಯೇ ಇಲ್ಲ.

ಪಟದ ಬೆಲೆ ಹೋಗಲಿ; ಪಟದಲ್ಲಿರುವ ಹುಡುಗನ ಗತಿಯೇನು ಎಂಬ ಪ್ರಶ್ನೆ ನಮ್ಮನ್ನು ಹೆಚ್ಚಾಗಿ ಕಾಡಿತು. ಉತ್ತರ ಕೆರೊಲಿನಾದ ಬಡ ಮನೆತನದ ಬ್ರಯನ್ ಟೇಲರ್ 1991ರ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲು ಆರಿಸಲ್ಪಟ್ಟನು. ಯಾಂಕೀಸ್ ತಂಡವು ಅವನಿಗೆ 15 ಲಕ್ಷ 50 ಸಾವಿರ ಡಾಲರ್ ಕೊಟ್ಟಿತು. 1992ರಲ್ಲಿ ಅವನ ಪಟಕ್ಕಾಗಿ ಜನ ಮುಗಿಬಿದ್ದರು. 1993ರ ಡಿಸೆಂಬರಿನಲ್ಲಿ ಸಹೋದರನ ಪರವಾಗಿ ಜಗಳಕ್ಕೆ ಹೋದಾಗ ಚೆಂಡೆಸೆಯುವ ತೋಳಿನ ಭುಜಕ್ಕೆ ಪೆಟ್ಟಾಯಿತು. ಅವನು ದೊಡ್ಡ ಅಂಗಳದಲ್ಲಿ ಒಂದು ದಿನವೂ ಆಡಲಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಕೆನ್ ಗ್ರಿಫಿ ಜೂನಿಯರ್ 1987ರಲ್ಲಿ ಮೊಟ್ಟಮೊದಲನೆಯವನಾಗಿ ಆಯ್ಕೆಯಾದವನು. 1989ರಲ್ಲಿ ಅಪ್ಪರ್ ಡೆಕ್ ಎಂಬ ಹೊಸ ಕಂಪನಿಯು ತನ್ನ ಮಾಲೆಯ ಒಂದನೆಯ ಸಂಖ್ಯೆಯನ್ನು ಇನ್ನೂ ದೊಡ್ಡ ಅಂಗಳಕ್ಕೆ ಇಳಿದಿರದ ಅವನಿಗೇ ಕೊಟ್ಟಿತು. ಮೈಕ್ ಪಿಯಾಜಾ 1988ರಲ್ಲಿ 62ನೆಯ ಸುತ್ತಿನಲ್ಲಿ, 1,390ನೆಯವನಾಗಿ ಆಯ್ಕೆಯಾದವನು. ಯಾರೂ ಅವನಿಂದ ಏನನ್ನೂ ನಿರೀಕ್ಷಿಸಿರಲಿಲ್ಲ. ಆಟದ ಪರಮ ಗೌರವವಾದ ಹಾಲ್ ಆಫ್ ಫೇಮ್‌ಗೆ 2016ರಲ್ಲಿ ಈ ಇಬ್ಬರೂ ಒಂದೇ ದಿನ, ಒಂದೇ ವೇದಿಕೆಯ ಮೇಲೆ ಸೇರ್ಪಡೆಯಾದರು.

ನಮ್ಮ ದೇಶದ ಮೂಲದವರ ಪಟಗಳೂ ಮೊಮ್ಮಗನ ಆಲ್ಬಮ್ಮಿನಲ್ಲಿವೆ. 2008ರಲ್ಲಿ ದೂರದರ್ಶನದ ಸ್ಪರ್ಧೆಯೊಂದರಿಂದ ಆರಿಸಲ್ಪಟ್ಟು ಪಿಟ್ಸ್‌ಬರ್ಗ್ ತಂಡಕ್ಕೆ ಸೇರಿದ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅವರ ಕಥೆಯನ್ನು ಅವನು ಬಲ್ಲನು. ಅವರಿಬ್ಬರೂ ಮೇಲಿನ ಮೆಟ್ಟಿಲನ್ನು ಮುಟ್ಟಲಿಲ್ಲ. 2023ರಲ್ಲಿ ಟೊರಾಂಟೊ ತಂಡವು 20ನೆಯ ಆಯ್ಕೆಯಾಗಿ ಅರ್ಜುನ್ ನಿಮ್ಮಲ ಎಂಬ ಹದಿನೇಳರ ಹುಡುಗನನ್ನು ತೆಗೆದುಕೊಂಡಾಗ, ಭಾರತದಿಂದ ಬಂದ ತಂದೆತಾಯಿಗಳ ಮಗನೆಂದು ಅಲ್ಲಿಯ ನಮ್ಮವರ ಮನೆಗಳಲ್ಲಿ ಸಂಭ್ರಮವಾಯಿತಂತೆ. ನಾವಿದ್ದ 2025ರಲ್ಲಿ ಅವನು ಕೆಳಗಿನ ಮೆಟ್ಟಿಲುಗಳಲ್ಲಿಯೇ ಶ್ರಮಿಸುತ್ತಿದ್ದನು.

ಒಂದು ಸಂಜೆ ನಾವೆಲ್ಲರೂ ಬ್ರಿಡ್ಜ್‌ವಾಟರ್ ಊರಿಗೆ ಹೋದೆವು. ಅಲ್ಲಿಯ ವೆಂಕಟೇಶ್ವರ ದೇವಸ್ಥಾನ ನಮ್ಮ ಜನರಿಗೆ ಚಿರಪರಿಚಿತ. ಅದೇ ಊರಿನಲ್ಲಿ ಯಾಂಕೀಸ್ ತಂಡದ ಅಡಿಯಲ್ಲಿರುವ ಸಾಮರ್‌ಸೆಟ್ ಪೇಟ್ರಿಯಟ್ಸ್ ಎಂಬ ಮೈನರ್ ಲೀಗ್ ತಂಡದ ಅಂಗಳವೂ ಇದೆ. ಆಟಕ್ಕೆ ಮುಂಚೆ ಮಕ್ಕಳು ಕಂಬಿಯ ಬಳಿ ಪಟ ಹಿಡಿದು ಸಹಿಗಾಗಿ ನಿಂತರು. ಸಹಿ ಹಾಕಲು ಬಂದವರನ್ನು ಹತ್ತಿರದಿಂದ ಕಂಡೆವು. ಮೀಸೆ ಸರಿಯಾಗಿ ಮೂಡದ ಮುಖಗಳು. ಒಬ್ಬನ ಮೊಣಕೈಗೆ ಪಟ್ಟಿ ಸುತ್ತಿತ್ತು. ಪಟದ ಮೇಲೆ ಡಾಲರುಗಳಾಗಿ ಕಾಣುತ್ತಿದ್ದವರು ಅಲ್ಲಿ ತಾಯಿಯನ್ನು ಬಿಟ್ಟು ದೂರ ಬಂದ ಮಕ್ಕಳಾಗಿ ಕಂಡರು.

ಆ ದಿನಗಳಲ್ಲಿ ಮಗನ ಮನೆಯಲ್ಲಿ ಬೇರೊಂದು ಮಾತು ಒಳಗೊಳಗೇ ಕುದಿಯುತ್ತಿತ್ತು. ಮೊಮ್ಮಗನ ಅಕ್ಕ, ನಮ್ಮ ಹಿರಿಯ ಮೊಮ್ಮಗಳು, ಶಾಲೆಯ ಕೊನೆಯ ವರ್ಷಕ್ಕೆ ಕಾಲಿಡುವವಳಿದ್ದಳು. ಎಲ್ಲ ತರಗತಿಗಳಲ್ಲಿಯೂ ಮೊದಲಿಗಳಾದ ಅವಳನ್ನು ಬಂಧುಬಳಗದವರು ಐದನೆಯ ವಯಸ್ಸಿನಿಂದಲೇ ‘ಡಾಕ್ಟರಮ್ಮ’ ಎಂದು ಕರೆಯುತ್ತ ಬಂದಿದ್ದರು. ಆ ಬೇಸಿಗೆಯಲ್ಲಿ ಅವಳು ವೈದ್ಯಕೀಯದ ದಾರಿ ತನಗೆ ಬೇಡವೆಂದೂ, ಮಣ್ಣಿನ ವಿಜ್ಞಾನವನ್ನು ಓದುವುದಾಗಿಯೂ ಸ್ಪಷ್ಟವಾಗಿ ಹೇಳಿದಳು. ಸೊಸೆ ಊಟ ಬಡಿಸುತ್ತಿದ್ದಳು, ಮಾತು ಆಡುತ್ತಿರಲಿಲ್ಲ. ಮಗನು, “ಇಷ್ಟು ವರ್ಷ ಎಲ್ಲರೂ ಇಟ್ಟ ಭರವಸೆ ಏನಾಗಬೇಕು?” ಎಂದು ನಮ್ಮೆದುರು ಬೇಸರಪಟ್ಟನು. ನಾವು ಹಿರಿಯರಾಗಿ ನಡುವೆ ಬಾಯಿ ಹಾಕಲಿಲ್ಲ.

ಇತ್ತ ಮೊಮ್ಮಗನ ಬಳಿ ಎಳೆಯ ಚೆಂಡೆಸೆತಗಾರನೊಬ್ಬನ ಸಹಿಯುಳ್ಳ ಕಿತ್ತಳೆ ಅಂಚಿನ ಪಟವೊಂದಿತ್ತು. ಜೂನ್ ತಿಂಗಳಲ್ಲಿ ಅಂಗಡಿಯವನು ಅದಕ್ಕೆ 240 ಡಾಲರ್ ಕೊಡಲು ಒಪ್ಪಿದ್ದನು. ಹುಡುಗ ದೊಡ್ಡ ಅಂಗಳಕ್ಕೆ ಇಳಿಯುವ ಮುಂಚೆಯೇ ಮಾರಬೇಕು, ಇಳಿದು ಸೋತನೆಂದರೆ ಬೆಲೆಯೂ ಇಳಿಯುತ್ತದೆ ಎಂಬುದು ಆ ವ್ಯಾಪಾರದ ನೀತಿ. ಮಗನೂ ಮಾರಿಬಿಡೆಂದನು. “ಮಾರಿದರೆ ಅವನು ಮುಂದೆ ಏನಾದ ಅಂತ ನಾನು ನೋಡೋದು ಹೇಗೆ?” ಎಂದು ಹುಡುಗ ಮಾರಲಿಲ್ಲ. ಆಗಸ್ಟ್ ತಿಂಗಳಲ್ಲಿ ಆ ಆಟಗಾರನ ಮೊಣಕೈಯ ಸ್ನಾಯುಬಂಧ ಹರಿದು ಶಸ್ತ್ರಚಿಕಿತ್ಸೆಯಾಯಿತೆಂಬ ಸುದ್ದಿ ಬಂದಿತು. ಅದೇ ಅಂಗಡಿಯವನು ಈಗ 40 ಡಾಲರಿಗೂ ಹಿಂದೆಮುಂದೆ ನೋಡಿದನು.

ಮನೆಗೆ ಬಂದ ಮೇಲೆ ಹುಡುಗನು ಆ ಪಟವನ್ನು ಹಿಂದಿನ ಪುಟದಿಂದ ತೆಗೆದು ಆಲ್ಬಮ್ಮಿನ ಮೊದಲ ಪುಟದಲ್ಲಿ ಸೇರಿಸಿದನು. ಅವನ ತಂದೆ ನಕ್ಕು ಕಾರಣ ಕೇಳಿದನು. “ಅಪ್ಪಾ, ಟಾಮಿ ಜಾನ್‌ಗೆ 1974ರಲ್ಲಿ ಇದೇ ಆಪರೇಷನ್ ಮೊದಲು ಮಾಡಿದ್ದು. ಅವನು 1976ರಲ್ಲಿ ವಾಪಸು ಬಂದು 1989ರವರೆಗೆ ಆಡಿದ. ಇವನಿಗೆ ಇನ್ನೂ ಇಪ್ಪತ್ತು ವರ್ಷ. ಬರದಿದ್ದರೂ ಇರಲಿ, ಪಟ ನನ್ನ ಹತ್ತಿರ ಇರುತ್ತೆ,” ಎಂದನು. ಸೊಸೆ ಒಣಗಿದ ಬಟ್ಟೆಗಳನ್ನು ಮಡಿಸುತ್ತಿದ್ದಳು. ಅವಳ ಕೈ ಒಂದು ಕ್ಷಣ ನಿಂತಿತು. ಯಾರೂ ಮಗಳ ಹೆಸರೆತ್ತಲಿಲ್ಲ. ಮಗನು ಮಾತ್ರ ಆ ಪಟವನ್ನು ಬಹಳ ಹೊತ್ತು ನೋಡಿದನು. ಮುಂದಿನ ಶನಿವಾರ ಅಪ್ಪ ಮಗಳು ಇಬ್ಬರೇ ಕಾರಿನಲ್ಲಿ ಹೊರಟು, ಮಣ್ಣಿನ ವಿಜ್ಞಾನವನ್ನು ಕಲಿಸುವ ಕಾಲೇಜೊಂದನ್ನು ನೋಡಿಕೊಂಡು ರಾತ್ರಿ ತಡವಾಗಿ ಬಂದರು. ಸೊಸೆಯು ಮಗಳ ತಟ್ಟೆಗೆ ಬಿಸಿರೊಟ್ಟಿ ಹಾಕುತ್ತ, “ಅಲ್ಲಿ ಹಾಸ್ಟೆಲ್ ಹೇಗಿದೆ?” ಎಂದು ಕೇಳಿದಳು. ಬಹುದಿನಗಳ ಮೇಲೆ ಆಡಿದ ಮಾತು ಅದು. ಎಲ್ಲವೂ ತೀರ್ಮಾನವಾಯಿತೆಂದು ನಾವು ಹೇಳಲಾರೆವು. ಆದರೆ ಮನೆಯ ಗಾಳಿ ಸಡಿಲವಾಯಿತು.

ಓದುಗರ ಮನೆಗಳಲ್ಲಿಯೂ ಇಂತಹ ಪಟಗಳಿವೆ. ಅವು ಕಾಗದದವಲ್ಲ ಅಷ್ಟೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ, ಸಿಇಟಿಯ ರ‍್ಯಾಂಕಿನಲ್ಲಿ, ವಧೂವರರ ಪರಿಚಯಪತ್ರದಲ್ಲಿ ನಾವು ಎಳೆಯರ ಮುಖದ ಹಿಂದೆ ಅಂಕಿಗಳನ್ನು ಅಚ್ಚು ಹಾಕುತ್ತೇವೆ. ಭರವಸೆ ಇಡುವುದು ತಪ್ಪಲ್ಲ. ಹಿರಿಯರು ಭರವಸೆ ಇಡದಿದ್ದರೆ ಮಕ್ಕಳು ಯಾರ ಬಲದಿಂದ ಬೆಳೆದಾರು? ಆದರೆ ಭರವಸೆ ಬೇರೆ, ಬಾಜಿ ಬೇರೆ. ಬಾಜಿ ಕಟ್ಟಿದವನಿಗೆ ಹುಡುಗ ಗೆಲ್ಲಲೇಬೇಕು, ಗೆಲ್ಲದಿದ್ದರೆ ಪಟ ಕಸದ ಬುಟ್ಟಿಗೆ. ಭರವಸೆ ಇಟ್ಟವನು ಬೆಲೆ ಇಳಿದ ದಿನವೂ ಪಟವನ್ನು ಮೊದಲ ಪುಟದಲ್ಲಿಡುತ್ತಾನೆ. ಒಂದನೆಯವನೂ 1,390ನೆಯವನೂ ಕೊನೆಗೆ ಒಂದೇ ವೇದಿಕೆಯಲ್ಲಿ ಕುಳಿತುಕೊಳ್ಳಬಹುದಾದ ಈ ಲೋಕದಲ್ಲಿ, ಮೊಳಕೆಯ ಬೆಲೆಯನ್ನು ಇಂದೇ ನಿಶ್ಚಯಿಸುವ ಆತುರ ನಮಗೇಕೆ? ನೀರೆರೆದು ಕಾಯುವುದಷ್ಟೇ ಹಿರಿಯರ ಪಾಲಿನ ಕೆಲಸ.