ನಟ್ಟಲ್‌ಬರ್ಗಿನ ಕಲ್ಲಿದ್ದಲ ಹಳಿಗಳು

ಅಮೆರಿಕದ ಪಶ್ಚಿಮ ವರ್ಜೀನಿಯ ಸಂಸ್ಥಾನದಲ್ಲಿ ನ್ಯೂ ನದಿಯು ಕೊರೆದ ಆಳವಾದ ಕಮರಿಯೊಂದುಂಟು. 1873ರಲ್ಲಿ ಚೆಸಪೀಕ್ ಮತ್ತು ಒಹಾಯೊ ರೈಲುಮಾರ್ಗವು ಅದನ್ನು ಹಾದುಹೋದ ಮೇಲೆ ಅಲ್ಲಿಯ ನಟ್ಟಲ್‌ಬರ್ಗ್ ಕಲ್ಲಿದ್ದಲಿನ ಊರಾಗಿ ಬೆಳೆಯಿತು. 1958ರಲ್ಲಿ ಗಣಿ ನಿಂತಿತು; ಊರನ್ನು ಕಾಡು ಕವಿಯಿತು. ಬೆಟ್ಟದಿಂದಿಳಿಯುವ 1,385 ಅಡಿ ಉದ್ದದ ಸಾಗಣೆಯ ಓಣಿಯೂ, ಅದರ ಬುಡದಲ್ಲಿ ‘ಟಿಪ್ಪಲ್’ ಎಂಬ ಉಕ್ಕಿನ ಅಟ್ಟವೂ ಇಂದಿಗೂ ಉಳಿದಿವೆ.

ಮಾದರಿ ರೈಲು ಕಟ್ಟುವ ಹವ್ಯಾಸಿಗಳಿಗೆ ಇಂತಹ ತಾಣವೇ ಪಾಠಶಾಲೆ. ಅಟ್ಟದ ಕೆಳಗೆ ಒಂದೇ ಹಳಿಯನ್ನು ತೂರಿಸಿದರೆ ಗಣಿಯಾಗದು. ಜರಡಿಯಾಡಿದ ಕಲ್ಲಿದ್ದಲು ದಪ್ಪ, ನಡುವಣ, ಪುಡಿ ಎಂದು ಬೇರ್ಪಡುವುದರಿಂದ ಒಂದೊಂದು ತರಕ್ಕೂ ಒಂದೊಂದು ಹಳಿ ಬೇಕು. ಎಂಜಿನ್ನು ಖಾಲಿ ವ್ಯಾಗನ್ನುಗಳನ್ನು ಇಳಿಜಾರಿನ ಮೇಲ್ದೆಸೆಯಲ್ಲಿ ಬಿಟ್ಟುಹೋಗುವುದು. ಬ್ರೇಕು ಸಡಿಲಿಸಿದೊಡನೆ ಅವು ತಾವೇ ಉರುಳಿ, ಅಟ್ಟದಡಿಯಲ್ಲಿ ತುಂಬಿಕೊಂಡು, ಕೆಳದೆಸೆಗೆ ಸಾಗಿ ನಿಲ್ಲುವುವು. ಆದುದರಿಂದ ಖಾಲಿಗೆಷ್ಟು ಎಡೆಯೋ ತುಂಬಿದವಕ್ಕೂ ಅಷ್ಟೇ ಎಡೆ. 87ರಲ್ಲೊಂದು ಪಾಲಿನ ಮಾದರಿಯಲ್ಲಿ 40 ಅಡಿಯ ವ್ಯಾಗನ್ನು ಐದೂವರೆ ಅಂಗುಲವಾಗುವುದು. ಹಳಿಗೆ ಹತ್ತು ವ್ಯಾಗನ್ನುಗಳೆಂದರೂ ಅಟ್ಟದ ಎರಡು ಕಡೆಯೂ ಐದೈದು ಅಡಿ ಮೇಜು ಬೇಕು.

1920ರ ದಶಕದಲ್ಲಿ ಮೋಟಾರು ತಯಾರಕ ಹೆನ್ರಿ ಫೋರ್ಡ್ ತನ್ನ ಉಕ್ಕಿನ ಕುಲುಮೆಗಳಿಗಾಗಿ ನಟ್ಟಲ್‌ಬರ್ಗಿನ ಗಣಿಯನ್ನು ಗುತ್ತಿಗೆಗೆ ಪಡೆದನು. ಗಣಿ ಕೈಸೇರಿತು, ಕಲ್ಲಿದ್ದಲನ್ನು ಹೊತ್ತೊಯ್ಯುವ ರೈಲುಮಾರ್ಗ ಮಾತ್ರ ಅವನ ಅಂಕೆಗೆ ಸಿಗಲಿಲ್ಲ. 1928ರಲ್ಲಿ ಅವನು ಗಣಿಯನ್ನೇ ಬಿಟ್ಟುಕೊಟ್ಟನು. ಗಣಿಯ ಬಾಳುವೆ ಹಳಿಯ ಮೇಲೆ ನಿಂತಿದೆ. ಮೇಜಿನ ಮೇಲಣ ಪುಟ್ಟ ಗಣಿಗೂ ಈ ಮಾತು ಸಲ್ಲುವುದು.