ಬಗ್ ಅಂದುಕೊಂಡಿದ್ದು ಗ್ರಹವಾಗಿತ್ತು

ಔಟ್‌ಪುಟ್ ವಿಚಿತ್ರವಾಗಿ ಬಂದರೆ ಕೋಡ್ ಬರೆಯುವವರು ಮೊದಲು ಅನುಮಾನಿಸೋದು ತಮ್ಮ ಕೋಡನ್ನೇ. 1994ರಲ್ಲಿ ಡಿಡಿಯೆ ಕೆಲೋ ಎಂಬ ಸ್ವಿಸ್ ಪಿಎಚ್.ಡಿ. ವಿದ್ಯಾರ್ಥಿ ಮಾಡಿದ್ದೂ ಅದನ್ನೇ. ಆಗ ಅವರಿಗೆ 28 ವರ್ಷ, ಈಗಿನ ನನಗಿಂತ ಎರಡು ವರ್ಷ ಚಿಕ್ಕವರು.

ದಕ್ಷಿಣ ಫ್ರಾನ್ಸ್‌ನ ಓಟ್-ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಎಲೊಡಿ ಎಂಬ ಉಪಕರಣ ನಕ್ಷತ್ರಗಳ ಬೆಳಕನ್ನು ಅಳೆಯುತ್ತಿತ್ತು. ಆ ಡೇಟಾದಿಂದ ನಕ್ಷತ್ರದ ವೇಗ ಲೆಕ್ಕ ಹಾಕುವ ಸಾಫ್ಟ್‌ವೇರ್ ಕೆಲೋ ಅವರದ್ದು. ಗ್ರಹ ಸುತ್ತುತ್ತಿದ್ದರೆ ಅದರ ಸೆಳೆತಕ್ಕೆ ನಕ್ಷತ್ರವೂ ಚೂರು ಅಲುಗಾಡುತ್ತೆ, ಒಮ್ಮೆ ನಮ್ಮ ಕಡೆಗೆ, ಒಮ್ಮೆ ಆಚೆಗೆ. ಆಂಬುಲೆನ್ಸ್ ದಾಟಿ ಹೋಗುವಾಗ ಸೈರನ್ ದನಿ ಬದಲಾಗುತ್ತಲ್ಲ, ಹಾಗೆ ಆಗ ಬೆಳಕೂ ಬದಲಾಗುತ್ತೆ.

51 ಪೆಗಾಸಿ ಅನ್ನೋ ನಕ್ಷತ್ರದ ವೇಗ ಸೆಕೆಂಡಿಗೆ 60 ಮೀಟರ್‌ನಷ್ಟು ಆಚೀಚೆ ಆಗುತ್ತಿತ್ತು. ಅದೂ 4.2 ದಿನಕ್ಕೊಮ್ಮೆ! ನಮ್ಮ ಗುರು ಗ್ರಹಕ್ಕೆ ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ ಬೇಕು. ದೊಡ್ಡ ಅನಿಲ ಗ್ರಹಗಳು ಇರೋದೇ ದೂರದ ತಣ್ಣನೆಯ ಜಾಗದಲ್ಲಿ ಅಂತ ಆಗಿನ ನಂಬಿಕೆ. ಕೆಲೋಗೆ ಗಾಬರಿ. ಮಾರ್ಗದರ್ಶಕ ಮಿಷೆಲ್ ಮಯೋರ್ ಹವಾಯಿಯಲ್ಲಿದ್ದರು. ತಕ್ಷಣ ಅವರಿಗೆ ಹೇಳದೆ, ಎಲ್ಲೋ ಬಗ್ ಇದೆ ಅಂತ ಹುಡುಕುತ್ತಾ ಕೂತರು.

ಈ ಭಾಗ ಓದಿದಾಗಲೆಲ್ಲ ನನಗೆ ಭಯವಾಗುತ್ತೆ. ಅದನ್ನು ಅಳಿಸಿಹಾಕೋದು ಎಷ್ಟು ಸುಲಭ! ಮಿತಿ ಮೀರಿದ ರೀಡಿಂಗ್ ಬಂದರೆ ಬಿಟ್ಟುಬಿಡು ಅಂತ ಒಂದು ಸಾಲು ಬರೆದರೆ ಮುಗೀತು. ಈಚೆಗೆ ನಮ್ಮ ತಂಡಕ್ಕೆ ಸೇರಿದ ಹುಡುಗಿ ತೋರಿಸಿದ ಸೆನ್ಸರ್ ಗ್ರಾಫ್ ಅನುಮಾನ ಬರುವಷ್ಟು ಚೆಂದವಾಗಿತ್ತು. ಕೇಳಿದರೆ, "ಮಧ್ಯೆ ಸ್ಪೈಕ್ ಬರ್ತಿತ್ತು, ತೆಗೆದುಬಿಟ್ಟೆ. ನಾನೇ ಏನೋ ತಪ್ಪು ಮಾಡಿರ್ತೀನಿ" ಅಂದಳು. ವಾಪಸ್ ಹಾಕಿಸಿದೆ. ಡೆಡ್‌ಲೈನ್ ಹತ್ತಿರ ಇತ್ತು, ಮ್ಯಾನೇಜರ್ ಮುಖ ಸಿಂಡರಿಸಿದರು. ಆ ಸ್ಪೈಕ್ ಏನು ಅಂತ ಇಬ್ಬರೂ ಇನ್ನೂ ಹುಡುಕ್ತಾ ಇದ್ದೀವಿ. ಬರೀ ಸಡಿಲವಾದ ವೈರೇ ಇರಬಹುದು. ಆದರೂ "ನಾನೇ ತಪ್ಪು ಮಾಡಿರ್ತೀನಿ" ಅನ್ನೋ ಅವಳ ಮಾತು ಮನೆಗೆ ಬಂದ ಮೇಲೂ ಬಿಡಲಿಲ್ಲ.

ಕೆಲೋ ಅಳಿಸಲಿಲ್ಲ. ಬೇರೆ ದಾರಿ ಕಾಣದಾದಾಗ ಮಯೋರ್‌ಗೆ ತಿಳಿಸಿದರು. ಅಷ್ಟರಲ್ಲಿ ಆ ನಕ್ಷತ್ರ ಸೂರ್ಯನ ದಿಕ್ಕಿಗೆ ಸರಿದು ಕೆಲವು ತಿಂಗಳು ಮರೆಯಾಯಿತು. ಮತ್ತೆ ಕಂಡಾಗ ವೇಗ ಎಷ್ಟಿರಬೇಕು ಅಂತ ಇಬ್ಬರೂ ಮೊದಲೇ ಲೆಕ್ಕ ಹಾಕಿಟ್ಟರು, ಕೋಡಿಗಿಂತ ಮುಂಚೆ ಟೆಸ್ಟ್ ಬರೆದಿಟ್ಟ ಹಾಗೆ. 1995ರ ಜುಲೈನಲ್ಲಿ ಅಳೆದರು. ಲೆಕ್ಕ ಸರಿಹೋಯಿತು! ಅಕ್ಟೋಬರ್‌ನಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಘೋಷಿಸಿದರು.

ಕೆಲವೇ ದಿನಗಳಲ್ಲಿ ಅಮೆರಿಕದ ಜೆಫ್ ಮಾರ್ಸಿ, ಪಾಲ್ ಬಟ್ಲರ್ ಅದನ್ನು ಖಚಿತಪಡಿಸಿದರು. ಬೇರೆ ನಕ್ಷತ್ರಗಳ ವರ್ಷಗಟ್ಟಲೆ ಡೇಟಾ ಅವರ ಬಳಿಯೂ ಇತ್ತು. ನಾಲ್ಕು ದಿನದ ಗ್ರಹವನ್ನು ಯಾರು ಹುಡುಕ್ತಾರೆ ಹೇಳಿ? (ಅಂಥ ಗ್ರಹ ಇರಬಹುದು, ಹುಡುಕಿ ಅಂತ ಆಟೊ ಸ್ಟ್ರೂವ 1952ರಲ್ಲೇ ಬರೆದಿದ್ದರು!)

ಆ ಗ್ರಹದ ತೂಕ ಸುಮಾರು ಗುರುವಿನ ಅರ್ಧದಷ್ಟು. ಸೂರ್ಯನಿಂದ ಬುಧ ಎಷ್ಟು ದೂರವೋ, ಅದರ ಏಳನೇ ಒಂದು ಭಾಗದಷ್ಟು ದೂರದಲ್ಲಿ, ಸುಮಾರು 1,000 ಡಿಗ್ರಿ ಕಾವಿನಲ್ಲಿ ಸುತ್ತುತ್ತಿದೆ. ದೂರದಲ್ಲಿ ಹುಟ್ಟಿ ಒಳಗೆ ಸರಿದು ಬಂದಿರಬೇಕು ಅನ್ನೋದು ಹೆಚ್ಚಿನವರ ಅಂದಾಜು. 2019ರ ಭೌತವಿಜ್ಞಾನ ನೊಬೆಲ್‌ನಲ್ಲಿ ಅರ್ಧ ಪಾಲು ಮಯೋರ್ ಮತ್ತು ಕೆಲೋಗೆ ಬಂತು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನನ್ನು ಅಂಗಳಕ್ಕೆ ಕರೆದೆ. ಅಮ್ಮನದು ಪೂರ್ವಾಭಾದ್ರ ನಕ್ಷತ್ರ. ರಾತ್ರಿ ಒಂಬತ್ತರ ಹೊತ್ತಿಗೆ ಅದರ ಎರಡು ಚುಕ್ಕಿಗಳು ನೆತ್ತಿಯ ಹತ್ತಿರವೇ ಇರುತ್ತವೆ. ಅವೆರಡರ ನಡುಭಾಗದಿಂದ ಸ್ವಲ್ಪ ಪಶ್ಚಿಮಕ್ಕೆ 51 ಪೆಗಾಸಿ. ಬೆಂಗಳೂರಲ್ಲಿ ಕಾಣಲ್ಲ, ಊರಿನ ಕತ್ತಲಲ್ಲೂ ಕಷ್ಟಪಟ್ಟು ಕಾಣುವಷ್ಟು ಮಸುಕು. ಅಮ್ಮನಿಗೆ ಕಂಡಿತೋ ಇಲ್ಲವೋ, "ನಾಲ್ಕು ದಿನಕ್ಕೊಂದು ವರ್ಷ ಅಂದ್ರೆ ಅಲ್ಲಿ ನನ್ನ ವಯಸ್ಸೆಷ್ಟೋ?" ಅಂದರು. 59ಕ್ಕೆ ಮೊಬೈಲ್‌ನಲ್ಲೇ ಲೆಕ್ಕ ಹಾಕಿದೆ. ಐದು ಸಾವಿರ ದಾಟಿತ್ತು.