ಹಾಲಿಸ್ಟರಿಗೆ ಹೊರಟ ‘ಚಾಪರ್’

ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬರೋಣವೆಂದು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರಕ್ಕೆ ಹೋದ ನನಗೆ ಮೊದಲ ವಾರವೆಲ್ಲ ಅಲ್ಲಿನ ನಿಶ್ಶಬ್ದವೇ ದೊಡ್ಡ ತೊಂದರೆಯಾಗಿತ್ತು. ಸೊಪ್ಪಿನವಳ ಕೂಗಿಲ್ಲ; ಪಕ್ಕದ ಮನೆಯ ಹಾಡಿಲ್ಲ. ಎಂಟನೆಯ ದಿನ ಬೆಳಿಗ್ಗೆ ಈ ಮೌನವನ್ನು ಒಡೆದು ನೆರೆಮನೆಯ ಗ್ಯಾರೇಜಿನಿಂದ ಒಂದು ಶಬ್ದ ಕೇಳಿಸಿತು. ಕುಂಟುವ ಕುದುರೆಯೊಂದು ಚಪ್ಪಡಿಕಲ್ಲಿನ ಮೇಲೆ ಓಡಿದಂತೆ, ತಾಳ ತಪ್ಪಿಯೂ ತಪ್ಪದಂತಹ ಶಬ್ದ. ಮೈಸೂರಿನಲ್ಲಿ ತಯಾರಾದ ಜಾವಾ ಮೋಟಾರ್ ಸೈಕಲ್ಲನ್ನು ಇಪ್ಪತ್ತು ವರ್ಷ ಓಡಿಸಿದ ನನ್ನ ಕಿವಿ ನಿಮಿರಿತು. ಕಾಫಿಯ ಲೋಟವನ್ನು ಕೆಳಗಿಟ್ಟು ಬೇಲಿಯ ಬಳಿಗೆ ನಡೆದೆ.

ಗ್ಯಾರೇಜಿನಲ್ಲಿ ನಿಂತಿದ್ದ ವಾಹನವನ್ನು ಮೋಟಾರ್ ಸೈಕಲ್ ಎಂದು ಕರೆಯಲು ಮೊದಲು ಮನಸ್ಸು ಬರಲಿಲ್ಲ. ಮುಂದಿನ ಚಕ್ರ, ಮನೆಯವರೊಡನೆ ಮುನಿಸಿಕೊಂಡು ಹೊರಟವನಂತೆ, ಬಹುದೂರ ಮುಂದಕ್ಕೆ ಚಾಚಿಕೊಂಡಿತ್ತು. ಹ್ಯಾಂಡಲು ಸವಾರನ ಭುಜದೆತ್ತರಕ್ಕೆ ಏರಿತ್ತು. ಪೆಟ್ರೋಲ್ ಟ್ಯಾಂಕು ಎಷ್ಟು ಚಿಕ್ಕದೆಂದರೆ ಅದನ್ನು ಅಲ್ಲಿಯವರು ‘ಕಡಲೆಕಾಯಿ’ ಎಂದೇ ಕರೆಯುತ್ತಾರೆ. ಮುಂದೆ ಮಡ್‌ಗಾರ್ಡಿಲ್ಲ, ಹಿಂದೆ ಸ್ಪ್ರಿಂಗಿಲ್ಲ. ಅದರ ಪಕ್ಕದಲ್ಲಿ, ಎಪ್ಪತ್ತೈದು ದಾಟಿದ ಹಿರಿಯರೊಬ್ಬರು ಎಣ್ಣೆ ಮೆತ್ತಿದ ಕೈಗಳಲ್ಲಿ ಸ್ಪ್ಯಾನರ್ ಹಿಡಿದು ಮೊಣಕಾಲೂರಿ ಕುಳಿತಿದ್ದರು. ನನ್ನ ಜಾವಾದ ಕಥೆಯನ್ನು ಎರಡು ಮಾತಿನಲ್ಲಿ ಹೇಳಿದೆ. ಗೇರಿನ ಸನ್ನೆಯೇ ಕಿಕ್ಕರೂ ಆಗುತ್ತಿತ್ತು ಎಂದಾಗ ಅವರ ಮುಖ ಅರಳಿತು. ಅಂದಿನಿಂದ ನನಗೆ ಬೆಳಗಿನ ಹೊತ್ತು ಕಳೆಯುವ ಚಿಂತೆ ಉಳಿಯಲಿಲ್ಲ.

ಇಂತಹ ವಾಹನಕ್ಕೆ ‘ಚಾಪರ್’ ಎಂದು ಹೆಸರು. ಕತ್ತರಿಸಿದ್ದು ಎಂಬುದೇ ಆ ಮಾತಿನ ಮೂಲ. ಎರಡನೆಯ ಮಹಾಯುದ್ಧ ಮುಗಿಸಿ ಮನೆಗೆ ಮರಳಿದ ಅಮೆರಿಕದ ತರುಣರು ಭಾರವಾದ ಹಾರ್ಲೆ-ಡೇವಿಡ್‌ಸನ್ ವಾಹನಗಳನ್ನು ಕೊಂಡು, ವೇಗಕ್ಕಾಗಿ ಬೇಡವೆನಿಸಿದ್ದನ್ನೆಲ್ಲ ಕಿತ್ತೆಸೆಯತೊಡಗಿದರು. ಮುಂದೆ, ಅರವತ್ತರ ದಶಕದಲ್ಲಿ, ಕ್ಯಾಲಿಫೋರ್ನಿಯದ ಸಣ್ಣ ಸಣ್ಣ ಗ್ಯಾರೇಜುಗಳಲ್ಲಿ ಚೌಕಟ್ಟಿನ ಕೊರಳನ್ನೇ ಕೊಯ್ದು, ಓರೆಯಾಗಿಸಿ, ಮತ್ತೆ ಬೆಸೆದು, ಉದ್ದನೆಯ ಫೋರ್ಕು ಜೋಡಿಸುವ ಪದ್ಧತಿ ಬೆಳೆಯಿತು. ಕಾರ್ಖಾನೆಯಿಂದ ಸುಮಾರು 30 ಡಿಗ್ರಿ ಓರೆಯಲ್ಲಿ ಹೊರಟ ಕೊರಳು ಇಲ್ಲಿ 40 ಡಿಗ್ರಿಗೂ ಬಾಗುತ್ತಿತ್ತು. ನೇರ ರಸ್ತೆಯಲ್ಲಿ ಅದು ಗೆರೆ ಎಳೆದಂತೆ ಸಾಗುತ್ತದೆ. ತಿರುವಿನಲ್ಲಿ, ಅದರಲ್ಲೂ ನಿಧಾನವಾಗಿ ತಿರುಗುವಾಗ, ಹ್ಯಾಂಡಲು ತಾನಾಗಿಯೇ ಒಂದು ಕಡೆಗೆ ವಾಲಿ ಸವಾರನ ತೋಳನ್ನು ಪರೀಕ್ಷಿಸುತ್ತದೆ.

ನಮ್ಮ ನೆರೆಯವರ ವಾಹನದ ಎಂಜಿನ್ 1956ರದು. ತಲೆಯ ಮೇಲಿನ ಮುಚ್ಚಳಗಳು ಕವುಚಿಟ್ಟ ಬೋಗುಣಿಯಂತಿರುವುದರಿಂದ ಅದಕ್ಕೆ ‘ಪ್ಯಾನ್‌ಹೆಡ್’ ಎಂಬ ಅಡ್ಡಹೆಸರು. 1948ರಿಂದ 1965ರವರೆಗೆ ತಯಾರಾಯಿತು. 45 ಡಿಗ್ರಿ ಕೋನದಲ್ಲಿ ನಿಂತ ಎರಡು ಸಿಲಿಂಡರುಗಳು ಸಮನಾದ ಅಂತರದಲ್ಲಿ ಸಿಡಿಯುವುದಿಲ್ಲ. ನಾನು ಕೇಳಿದ ಕುಂಟುತಾಳದ ರಹಸ್ಯ ಅದು. ವಾಹನದ ಹೊಸ ರೂಪವನ್ನು ಅವರೂ, ಹಡಗು ಕಟ್ಟುವಲ್ಲಿ ವೆಲ್ಡರ್ ಆಗಿದ್ದ ಅವರ ಗೆಳೆಯರೊಬ್ಬರೂ ಸೇರಿ 1971ರ ಚಳಿಗಾಲದಲ್ಲಿ ಕೊಟ್ಟರಂತೆ. ಗೆಳೆಯರು ಈಗಿಲ್ಲ. ಅವರು ಹಾಕಿದ ಬೆಸುಗೆ ಮಾತ್ರ ಕೊರಳಿನ ಸುತ್ತ ಉಳಿದಿತ್ತು.

ಇದನ್ನು ಸಾಕುವುದು ಹಸುವನ್ನು ಸಾಕಿದಂತೆ; ಒಂದು ದಿನ ಮರೆತರೂ ಅದು ನೆನಪಿಸುತ್ತದೆ. ಎಂಜಿನ್ನಿನ ನಡುಕಕ್ಕೆ ನಟ್ಟುಗಳು ಸಡಿಲವಾಗುತ್ತವೆ. ಆದುದರಿಂದ ಪ್ರತಿ ಪ್ರಯಾಣಕ್ಕೆ ಮುನ್ನ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಒಂದೊಂದನ್ನೂ ಮುಟ್ಟಿ ನೋಡಬೇಕು. ಕೆಲವು ವಾರ ನಿಲ್ಲಿಸಿಬಿಟ್ಟರೆ ಟ್ಯಾಂಕಿನ ಎಣ್ಣೆ ಮೆಲ್ಲನೆ ಎಂಜಿನ್ನಿನ ಹೊಟ್ಟೆಗೆ ಇಳಿದುಬಿಡುತ್ತದೆ; ಅದನ್ನು ಹೊರತೆಗೆದ ಮೇಲೆಯೇ ಒದೆಯಬೇಕು. ಒದೆಯುವ ಮೊದಲು ಕಿಡಿಯ ಸಮಯವನ್ನು ಕೈಯಿಂದ ಹಿಂದಕ್ಕೆ ತಿರುಗಿಸದಿದ್ದರೆ ಕಿಕ್ಕರ್ ತಿರುಗಿ ಕಾಲಿಗೇ ಒದೆಯುತ್ತದೆ. ಅವರ ಬಲಗಾಲಿನ ಗಾಯದ ಗುರುತು ಅದಕ್ಕೆ ಸಾಕ್ಷಿ. “ತಾರುಣ್ಯದಲ್ಲಿ ಅಂದಕ್ಕಾಗಿ ಮುಂದಿನ ಬ್ರೇಕನ್ನು ಕಿತ್ತೆಸೆದೆ; ಮಗಳು ಹುಟ್ಟಿದ ವರ್ಷ ಮತ್ತೆ ಹಾಕಿಸಿದೆ” ಎಂದು ನಕ್ಕರು.

ಒಬ್ಬ ವ್ಯಾಪಾರಿ ಅವರಿಗೊಂದು ಸಲಹೆ ಕೊಟ್ಟಿದ್ದನಂತೆ: ಈ ಚೌಕಟ್ಟನ್ನು ಬಿಸಾಡಿ, ಕಾರ್ಖಾನೆಯಿಂದ ಬಂದ ಮೊದಲಿನ ರೂಪಕ್ಕೆ ತಂದರೆ ಒಳ್ಳೆಯ ಬೆಲೆ ಬರುತ್ತದೆ ಎಂದು. ಇವರು ಒಪ್ಪಿರಲಿಲ್ಲ. ಕಾರ್ಖಾನೆಯವರು ಸಾವಿರಾರು ಮಾಡಿದರು, ನಾವಿಬ್ಬರು ಮಾಡಿದ್ದು ಇದೊಂದೇ ಎಂಬುದು ಅವರ ವಾದ. ಹೇಳುತ್ತ ಹೇಳುತ್ತ ‘ಈಸಿ ರೈಡರ್’ ಚಿತ್ರದ ಮಾತು ತೆಗೆದರು. 1969ರಲ್ಲಿ ತೆರೆಕಂಡ ಆ ಚಿತ್ರದಿಂದಲೇ ಚಾಪರಿನ ಹೆಸರು ಲೋಕವೆಲ್ಲ ಹಬ್ಬಿದ್ದು. ಪೊಲೀಸರು ಹರಾಜು ಹಾಕಿದ ಹಳೆಯ ಹಾರ್ಲೆಗಳನ್ನು ಚಾಪರುಗಳನ್ನಾಗಿ ಮಾಡಿಸಿದವರು ಕ್ಲಿಫ್ ವಾಸ್. ಲಾಸ್ ಏಂಜಲಿಸ್‌ನ ತಮ್ಮ ಅಂಗಡಿಯಲ್ಲಿ ಕೈಯಾರೆ ಕಟ್ಟಿದವರು ಬೆನ್ ಹಾರ್ಡಿ. ಇಬ್ಬರೂ ಕರಿಯ ಜನಾಂಗದವರು. ನಟರ ಹೆಸರು ಮನೆಮಾತಾಯಿತು. ಚಿತ್ರದ ಹೆಸರುಪಟ್ಟಿಯಲ್ಲಿ ಇವರಿಬ್ಬರಿಗೆ ಜಾಗ ಸಿಗಲಿಲ್ಲ. 2014ರಲ್ಲಿ ಆ ಚಿತ್ರದ್ದೆಂದು ಹೇಳಲಾದ ಒಂದು ವಾಹನ ಹರಾಜಿನಲ್ಲಿ 13 ಲಕ್ಷ ಡಾಲರಿಗೂ ಮೀರಿ ಹೋಯಿತು; ಅದು ಅಸಲಿಯೇ ಎಂಬ ವಿವಾದವೂ ಎದ್ದಿತು. “ಕಟ್ಟಿದವನ ಹೆಸರನ್ನು ಜನ ಮರೆಯುತ್ತಾರೆ. ಬೆಸುಗೆ ಮರೆಯುವುದಿಲ್ಲ” ಎಂದರು ಹಿರಿಯರು.

ಒಂದು ಶನಿವಾರ ಅವರು ಹಾಲಿಸ್ಟರಿಗೆ ಹೊರಟರು. ಮಗಳು ಕಾರು ತೆಗೆದಳು, ನಾವು ಹಿಂಬಾಲಿಸಿದೆವು. ದಕ್ಷಿಣಕ್ಕೆ ಸುಮಾರು 75 ಕಿಲೋಮೀಟರ್ ದಾರಿ. ಗಿಲ್‌ರಾಯ್ ಊರಿನ ಹತ್ತಿರ ಕಾರಿನೊಳಗೆ ಬೆಳ್ಳುಳ್ಳಿಯ ವಾಸನೆ ನುಗ್ಗಿ ನಮ್ಮ ಮನೆಯ ಒಗ್ಗರಣೆಯನ್ನು ನೆನಪಿಗೆ ತಂದಿತು; ಬೆಳ್ಳುಳ್ಳಿಗೆ ಆ ಊರು ಅಮೆರಿಕದಲ್ಲೇ ಪ್ರಸಿದ್ಧ. ಅಲ್ಲಿಂದ ಮುಂದೆ 25ನೆಯ ಹೆದ್ದಾರಿ ಹೊಲಗಳ ನಡುವೆ ಹಾಯುತ್ತದೆ. ಬಿಸಿಲಿಗೆ ಹೊಂಬಣ್ಣಕ್ಕೆ ತಿರುಗಿದ ಗುಡ್ಡಗಳು, ಅವುಗಳ ಮುಂದೆ ಆ ಉದ್ದನೆಯ ವಾಹನ, ಅದರ ಮೇಲೆ ನೆಟ್ಟಗೆ ಕುಳಿತ ಮುದುಕರು. ಮಗಳೂ ಮಾತು ನಿಲ್ಲಿಸಿ ನೋಡಿದಳು.

ಹಾಲಿಸ್ಟರ್ ಕೃಷಿಕರ ಊರು. 1947ರ ಜುಲೈ 4ರ ಸ್ವಾತಂತ್ರ್ಯೋತ್ಸವದ ರಜೆಯಲ್ಲಿ ಸುಮಾರು ನಾಲ್ಕು ಸಾವಿರ ಸವಾರರು ಇಲ್ಲಿ ನೆರೆದು, ಕುಡಿದು, ಬೀದಿಯಲ್ಲೇ ಪಂದ್ಯ ಕಟ್ಟಿ ಗದ್ದಲವೆಬ್ಬಿಸಿದ್ದರು. ‘ಲೈಫ್’ ಪತ್ರಿಕೆಯಲ್ಲಿ ಬಂದ ಒಂದು ಚಿತ್ರದಿಂದ ಆ ಗದ್ದಲ ದೇಶವ್ಯಾಪಿಯಾಯಿತು. 1953ರಲ್ಲಿ ಮಾರ್ಲನ್ ಬ್ರಾಂಡೊ ನಟಿಸಿದ ‘ದಿ ವೈಲ್ಡ್ ಒನ್’ ಚಿತ್ರಕ್ಕೂ ಅದೇ ಪ್ರೇರಣೆ. ಆದರೆ ಅಂದು ಹೆದರಿದ ಊರೇ 1997ರಲ್ಲಿ ಘಟನೆಯ ಐವತ್ತನೆಯ ವರ್ಷವನ್ನು ಹಬ್ಬವಾಗಿ ಆಚರಿಸಿತು!

ಊರಿನ ಇನ್ನೊಂದು ವಿಶೇಷವನ್ನು ಹಿರಿಯರೇ ತೋರಿಸಿದರು. ಕ್ಯಾಲವೆರಸ್ ಎಂಬ ಭೂಬಿರುಕು ಹಾಲಿಸ್ಟರಿನ ಮನೆಗಳ ಅಡಿಯಲ್ಲೇ ಹಾದುಹೋಗಿದೆ. ನೆಲವು ವರ್ಷಕ್ಕೆ ಕೆಲವೇ ಮಿಲಿಮೀಟರ್ ಜಾರುತ್ತದೆ. ಲೋಕಸ್ಟ್ ಅವೆನ್ಯೂ ಎಂಬ ಬೀದಿಯಲ್ಲಿ ನೇರವಾಗಿ ಕಟ್ಟಿದ ಕಲ್ಲಂಚು ಒಂದೆಡೆ ಸೊಟ್ಟಗೆ ಬಾಗಿ ನಿಂತಿದೆ. ಯಾರೂ ಊರು ಬಿಟ್ಟಿಲ್ಲ; ಬಿರುಕಿಗೆ ಗಾರೆ ಮೆತ್ತಿ ಬಾಳುತ್ತಿದ್ದಾರೆ.

ಹೊರಡುವ ಮುನ್ನ ಹಿರಿಯರು ಎಂದಿನಂತೆ ಬಟ್ಟೆ ತೆಗೆದು ವಾಹನವನ್ನು ಒರೆಸತೊಡಗಿದರು. ಕೊರಳಿನ ಹತ್ತಿರ ಅವರ ಕೈ ನಿಂತಿತು. ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ. ಅವರು ಬಹಳ ಹೊತ್ತು ಅದನ್ನು ಉಗುರಿನಿಂದ ಸವರಿ ನೋಡಿದರು. ನಾನು ಸಮಾಧಾನಕ್ಕೆಂದು, “ಬಣ್ಣವಷ್ಟೇ ಸೀಳಿರಬಹುದು, ನಿಧಾನವಾಗಿ ಹೋದರಾಯಿತು” ಎಂದೆ. ಅವರು ಕೀಲಿಯನ್ನು ಜೇಬಿಗೆ ಹಾಕಿಕೊಂಡರು. “ಹೆದ್ದಾರಿಯಲ್ಲಿ ಕೊರಳು ಮುರಿದರೆ ನಿಧಾನವೆಂಬುದಿಲ್ಲ” ಎಂದಷ್ಟೇ ಹೇಳಿ ಲಾರಿಯೊಂದನ್ನು ಕರೆಸಿದರು. ಐವತ್ತು ವರ್ಷ ಸವಾರಿ ಮಾಡಿದವರು ಅಂದು ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಮೌನವಾಗಿ ಕುಳಿತು ಮನೆಗೆ ಬಂದರು.

ಮರುದಿನ ಬಣ್ಣ ಕೆರೆದು ಪರೀಕ್ಷೆ ನಡೆಯಿತು. ಕೆಂಪು ದ್ರವವನ್ನು ಬಳಿದು, ಸ್ವಲ್ಪ ಹೊತ್ತು ಬಿಟ್ಟು ಪೂರ್ತಿ ಒರೆಸಿ, ಮೇಲೆ ಬಿಳಿಯದೊಂದನ್ನು ಎರಚುತ್ತಾರೆ. ಉಕ್ಕಿನಲ್ಲಿ ಬಿರುಕಿದ್ದರೆ ಅದರೊಳಗೆ ಇಳಿದ ಕೆಂಪು ಮೇಲೆ ಬಂದು ಗೆರೆಯಾಗುತ್ತದೆ. ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಹಣೆಯ ಕುಂಕುಮದ ನಾಮದಂತೆ ಸ್ಪಷ್ಟವಾಗಿ ಗೆರೆ ಮೂಡಿತು. ಅದು ಮೂಡಿದ್ದು ಗೆಳೆಯರ ಬೆಸುಗೆಯ ಅಂಚಿನಲ್ಲೇ.

ವಾರದ ನಂತರ ತರುಣಿಯೊಬ್ಬಳು ತನ್ನ ಯಂತ್ರದೊಡನೆ ಬಂದಳು. ಒಳ್ಳೆಯ ವೆಲ್ಡರ್ ಎಂದು ಹೆಸರು ಪಡೆದವಳು. ಬಿರುಕು ಬಿಟ್ಟ ಕಡೆಯ ಹಳೆಯ ಬೆಸುಗೆಯನ್ನು ಪೂರ್ತಿ ಉಜ್ಜಿ ತೆಗೆಯಬೇಕು, ಅದರ ಮೇಲೆಯೇ ಮೆತ್ತಿದರೆ ನಿಲ್ಲದು ಎಂದಳು. ಹಿರಿಯರು ತಲೆಯಾಡಿಸಿ ತಾವೇ ಗ್ರೈಂಡರ್ ಹಿಡಿದರು. ಕಿಡಿಗಳು ನೆಲದ ಮೇಲೆ ಚೆಲ್ಲಿದವು. ಅದು ಮುಗಿದ ಮೇಲೆ ತಡೆಯಲಾರದೆ ಕೇಳಿದೆ: “ಗೆಳೆಯರ ಕೈಗೆಲಸ ಹೋಯಿತೆಂದು ನಿಮಗೆ ಬೇಸರವಿಲ್ಲವೆ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಅವನು ಇದ್ದಿದ್ದರೆ ನನಗಿಂತ ಮೊದಲು ಅವನೇ ಇದನ್ನು ಕೊಯ್ಯುತ್ತಿದ್ದ” ಎಂದರು.

ನಾನು ಊರಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಬೇಲಿಯಾಚೆಯಿಂದ ಮತ್ತೆ ಆ ಕುಂಟುತಾಳ ಕೇಳಿಸಿತು. ಕೊರಳಿನ ಹೊಸ ಬೆಸುಗೆಗೆ ಇನ್ನೂ ಬಣ್ಣ ಹಚ್ಚಿರಲಿಲ್ಲ. ಕೆಲವು ತಿಂಗಳು ಹಾಗೆಯೇ ಬಿಟ್ಟು ಕಣ್ಣಿಟ್ಟು ನೋಡಬೇಕೆಂದು ಆ ತರುಣಿಯ ಅಪ್ಪಣೆಯಾಗಿತ್ತಂತೆ.